ಸಂಬಳ ವರ್ಷದ ಲೆಕ್ಕ, ಬದುಕು ಗಂಟೆಯ ಲೆಕ್ಕ



2023ರ ಅಕ್ಟೋಬರ್‌ನಲ್ಲಿ ನಮ್ಮವರೇ ಆದ ಎನ್.ಆರ್. ನಾರಾಯಣಮೂರ್ತಿಯವರು ಭಾರತದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದರು. ಎರಡು ಸಲವೂ ಇಲ್ಲಿ ರೆಡ್ಮಂಡ್, ಬೆಲ್ಲೆವ್ಯೂ, ಬಾಥೆಲ್ ಕಡೆಯ ಕನ್ನಡಿಗರು ಸೇರಿದಲ್ಲೆಲ್ಲ ಅದೇ ಮಾತು. ಕೆಲವರು ನಕ್ಕರು, ಕೆಲವರು ಸಿಟ್ಟಾದರು, ಕೆಲವರು "ಅವರು ಹೇಳಿದ್ರಲ್ಲಿ ತಪ್ಪೇನಿದೆ?" ಅಂದರು. ಆದರೆ ನನಗೆ ಅನಿಸಿದ್ದು ಬೇರೆ. ಯಾರೂ ಹೇಳದೆಯೇ, ಯಾರ ಭಾಷಣವೂ ಬೇಕಾಗದೆಯೇ, ನಮ್ಮಲ್ಲಿ ಎಷ್ಟು ಮಂದಿ ಈಗಾಗಲೇ 60 ಗಂಟೆ ದಾಟಿದ್ದೇವೆ? ಅದಕ್ಕೆ ನಮಗೆ ಸಿಗುತ್ತಿರುವುದೆಷ್ಟು?

"ಸಿಗುತ್ತಿರುವುದೆಷ್ಟು" ಎಂಬ ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ವರ್ಷದ ಸಂಬಳ ಎಷ್ಟು, ಬೋನಸ್ ಎಷ್ಟು, ಸ್ಟಾಕ್ ಎಷ್ಟು ಎಂಬುದು ಬಾಯಿಪಾಠ. ಗಂಟೆಗೆ ಎಷ್ಟು ಎಂದು ಕೇಳಿದರೆ ತಡವರಿಸುತ್ತೇವೆ. ನಾವೆಲ್ಲ ಇಂಜಿನಿಯರಿಂಗ್ ಓದಿದವರು. ಬನ್ನಿ, ಒಂದು ಸಲ ಲೆಕ್ಕ ಹಾಕಿಯೇ ನೋಡೋಣ.

ಹೆಚ್ಚುವರಿ ಗಂಟೆಯ ಬೆಲೆ

ನನ್ನದೇ ಉದಾಹರಣೆ ಕೊಡುತ್ತೇನೆ. ಕಳೆದ ವರ್ಷ ನನಗೆ ಆಫೀಸಿನಲ್ಲಿ ಒಂದು ಹೊಸ ಹುದ್ದೆ ಕೊಡಲು ಮುಂದೆ ಬಂದರು. ಸಂಬಳ 1,65,000 ಡಾಲರಿನಿಂದ 1,95,000 ಡಾಲರಿಗೆ. ಜೊತೆಗೆ ಎರಡು ಟೀಮಿನ ಹೊಣೆ, ವಾರದಲ್ಲಿ ನಾಲ್ಕು ರಾತ್ರಿ ಬೆಂಗಳೂರಿನೊಂದಿಗೆ ಕಾಲ್, ಸರ್ವರ್ ಕೆಟ್ಟಾಗ ಯಾವ ಹೊತ್ತಿನಲ್ಲಿ ಫೋನ್ ಬಂದರೂ ಎದ್ದು ಕೂರುವುದು. ಮೇಲ್ನೋಟಕ್ಕೆ 30,000 ಡಾಲರ್ ಹೆಚ್ಚು. ಊರಿಗೆ ಫೋನ್ ಮಾಡಿ ಹೇಳುವಂಥ ಸುದ್ದಿ.

ನಾನು ಆ ಹೊತ್ತಿಗೆ ಮೂರು ತಿಂಗಳಿನಿಂದ ದಿನಾ ಎಷ್ಟು ಹೊತ್ತು ದುಡಿಯುತ್ತೇನೆ ಎಂದು ಬರೆದಿಡುತ್ತಿದ್ದೆ. ವಾರಕ್ಕೆ ಸರಾಸರಿ 47 ಗಂಟೆ ಬಂದಿತ್ತು. ಹೊಸ ಹುದ್ದೆಯಲ್ಲಿ ಅದಾಗಲೇ ಇದ್ದ ಸಹೋದ್ಯೋಗಿಯನ್ನು ಕೇಳಿದೆ. 62ಕ್ಕಿಂತ ಕಡಿಮೆ ಯಾವ ವಾರವೂ ಇಲ್ಲ ಎಂದರು. ಅಂದರೆ ವಾರಕ್ಕೆ 15 ಗಂಟೆ ಹೆಚ್ಚು. ವರ್ಷಕ್ಕೆ 50 ವಾರ ಎಂದು ಹಿಡಿದರೆ 750 ಗಂಟೆ. 30,000 ಡಾಲರನ್ನು 750ರಿಂದ ಭಾಗಿಸಿ: ಗಂಟೆಗೆ 40 ಡಾಲರ್. ತೆರಿಗೆ ಕಳೆದರೆ ಕೈಗೆ ಉಳಿಯುವುದು ಸುಮಾರು 30.

ಈಗ ಹಳೆಯ ಹುದ್ದೆಯ ಲೆಕ್ಕ. 1,65,000 ಡಾಲರ್, ವಾರಕ್ಕೆ 47 ಗಂಟೆಯಂತೆ 50 ವಾರ. ಗಂಟೆಗೆ 70 ಡಾಲರ್. ಅಂದರೆ ಹಗಲು ಹೊತ್ತಿನ, ತಲೆ ಚುರುಕಾಗಿರುವ ಗಂಟೆಯನ್ನು 70ಕ್ಕೆ ಮಾರುತ್ತಿದ್ದ ನಾನು, ರಾತ್ರಿ ಹತ್ತರ ಮೇಲಿನ, ಮಗಳು ಮಲಗುವ ಹೊತ್ತಿನ, ನಿದ್ದೆಯ ಗಂಟೆಯನ್ನು 40ಕ್ಕೆ ಮಾರಬೇಕಿತ್ತು! ಸಂತೆಯಲ್ಲಿ ಕೊನೆಗೆ ಉಳಿದ ಬಾಡಿದ ಸೊಪ್ಪನ್ನು ಅರ್ಧ ಬೆಲೆಗೆ ಕೊಡುವುದು ಸರಿ. ಇದು ಬಾಡಿದ ಸೊಪ್ಪಲ್ಲ, ನಮ್ಮ ಬುಟ್ಟಿಯಲ್ಲಿ ಇದ್ದುದರಲ್ಲೇ ಅತಿ ಬೆಲೆಬಾಳುವ ಸರಕು.

ನಾನು ಬೇಡ ಎಂದೆ. ಅದಕ್ಕೆ ನನ್ನನ್ನು ಹೊಗಳಬೇಕಿಲ್ಲ. ಸಾಲ ಇದ್ದವರು, ಊರಲ್ಲಿ ತಂಗಿಯ ಮದುವೆ ಇಟ್ಟುಕೊಂಡವರು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಹೊತ್ತವರು ಅದೇ ಲೆಕ್ಕ ಹಾಕಿ 40 ಡಾಲರೂ ಬೇಕು ಎನ್ನಬಹುದು. ಅದು ಅವರ ಹಕ್ಕು. ಬೆಲೆ ಗೊತ್ತಿದ್ದು ಮಾರುವುದು ಒಂದು. ಬೆಲೆಯೇ ಗೊತ್ತಿಲ್ಲದೆ ಮಾರುವುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರು ಎರಡನೆಯದನ್ನು ಮಾಡುತ್ತಿದ್ದೇವೆ ಎಂಬುದಷ್ಟೇ ನನ್ನ ತಕರಾರು.

ಕಾನೂನು ನಮ್ಮನ್ನು ಹೊರಗಿಟ್ಟಿದ್ದು ಹೇಗೆ?

ಅಮೆರಿಕದಲ್ಲಿ 1938ರಲ್ಲೇ ಕೆಲಸದ ಗಂಟೆಗಳ ಬಗ್ಗೆ ಕೇಂದ್ರ ಕಾನೂನು ಬಂತು. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ ಎಂಬ ನಿಯಮ 1940ರಿಂದ ಇದೆ. ಅದರ ಹಿಂದಿನ ತರ್ಕ ಸರಳ: ಮನುಷ್ಯನ 41ನೇ ಗಂಟೆ 40ನೇ ಗಂಟೆಗಿಂತ ತುಟ್ಟಿ. ಧಣಿಗೆ ಅದು ಬೇಕೇ ಬೇಕಾದರೆ ಹೆಚ್ಚು ಕೊಡಲಿ, ಇಲ್ಲವೇ ಇನ್ನೊಬ್ಬರಿಗೆ ಕೆಲಸ ಕೊಡಲಿ. ಈ ಬಗೆಯ ಕಾನೂನುಗಳಿಗೆ ದಾರಿ ಮಾಡಿಕೊಟ್ಟ ತೀರ್ಪಿನ ಮೂಲ ನಮ್ಮ ವಾಷಿಂಗ್ಟನ್ ರಾಜ್ಯದಲ್ಲೇ ಇದೆ. ಸಿಯಾಟಲ್‌ನಿಂದ ಬೆಟ್ಟ ದಾಟಿ ಹೋದರೆ ಸಿಗುವ ವೆನಾಚಿ ಊರಿನ ಹೋಟೆಲೊಂದರಲ್ಲಿ ಕೋಣೆ ಗುಡಿಸುತ್ತಿದ್ದ ಎಲ್ಸಿ ಪ್ಯಾರಿಶ್ ಎಂಬ ಹೆಂಗಸು, ರಾಜ್ಯದ ಕನಿಷ್ಠ ಕೂಲಿ ನನಗೆ ಸಿಕ್ಕಿಲ್ಲ ಎಂದು ದಾವೆ ಹೂಡಿದರು. 1937ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸೇಬು ಹಣ್ಣು ಕೊಯ್ಯಲು ಮಕ್ಕಳನ್ನು ಕಟ್ಟಿಕೊಂಡು ವೆನಾಚಿ ಕಡೆ ಹೋಗುವ ನಾವು ಈ ಹೆಸರನ್ನೂ ಒಮ್ಮೆ ನೆನೆಯಬೇಕು.

ಹಾಗಾದರೆ ನಮಗೇಕೆ ಓವರ್‌ಟೈಮ್ ಇಲ್ಲ? ಏಕೆಂದರೆ ಕಂಪ್ಯೂಟರ್ ಕೆಲಸದವರನ್ನು ಹೆಸರಿಟ್ಟು ಹೊರಗಿಡಲಾಗಿದೆ. ಗಂಟೆಗೆ 27.63 ಡಾಲರ್ ಪಡೆಯುವ ಕಂಪ್ಯೂಟರ್ ನೌಕರರಿಗೆ ಓವರ್‌ಟೈಮ್ ಕೊಡಬೇಕಿಲ್ಲ ಎಂದು ಕೇಂದ್ರ ಕಾನೂನಿನಲ್ಲಿ 1996ರಲ್ಲಿ ಬರೆದರು. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು? ಆಗಿನ ಕನಿಷ್ಠ ಕೂಲಿ 4.25 ಡಾಲರ್, ಅದರ ಆರೂವರೆ ಪಟ್ಟು. ಆಗ ಅದು ಒಳ್ಳೆಯ ಸಂಬಳವೇ. ಆದರೆ ಆ ಅಂಕಿಯನ್ನು ಅಂದಿನಿಂದ ಏರಿಸಿಯೇ ಇಲ್ಲ.

ವಾಷಿಂಗ್ಟನ್ ರಾಜ್ಯವೂ 1997ರ ಕೊನೆಯಲ್ಲಿ ಅದೇ ಅಂಕಿಯನ್ನು ತಂದಿತು. ಆಗ ಸಿಯಾಟಲ್ ಸುತ್ತ ಗುತ್ತಿಗೆಯ ಮೇಲೆ ದುಡಿಯುತ್ತಿದ್ದ ನೂರಾರು ಟೆಕ್ ಕೆಲಸಗಾರರು ಇಮೇಲ್ ಬರೆದು ವಿರೋಧಿಸಿದರು. ನಿಯಮ ನಿಲ್ಲಲಿಲ್ಲ, ಆದರೆ ಆ ಸಿಟ್ಟಿನಿಂದಲೇ 1998ರಲ್ಲಿ 'ವಾಶ್‌ಟೆಕ್' ಎಂಬ ಸಂಘಟನೆ ಹುಟ್ಟಿತು. ಮೈಕ್ರೋಸಾಫ್ಟ್‌ನಲ್ಲಿ ವರ್ಷಗಟ್ಟಲೆ 'ತಾತ್ಕಾಲಿಕ'ರಾಗಿಯೇ ಉಳಿದವರು ಹೂಡಿದ್ದ ದಾವೆ 2000ದಲ್ಲಿ ಸುಮಾರು 97 ದಶಲಕ್ಷ ಡಾಲರ್ ಪರಿಹಾರದ ಒಪ್ಪಂದದೊಂದಿಗೆ ಮುಗಿದದ್ದೂ ಅದೇ ಕಾಲದಲ್ಲಿ.

ರಾಜ್ಯ ಕೊನೆಗೂ ನಿಯಮವನ್ನು ಬದಲಿಸಿತು. ಹೊಸ ನಿಯಮದ ಪ್ರಕಾರ ಗಂಟೆ ಲೆಕ್ಕದ ಕಂಪ್ಯೂಟರ್ ನೌಕರರ ಮಿತಿ ರಾಜ್ಯದ ಕನಿಷ್ಠ ಕೂಲಿಯ ಮೂರೂವರೆ ಪಟ್ಟು. 2025ರಲ್ಲಿ ಕನಿಷ್ಠ ಕೂಲಿ 16.66 ಡಾಲರ್ ಇತ್ತು, ಹಾಗಾಗಿ ಮಿತಿ 58.31 ಡಾಲರ್. ಅದಕ್ಕಿಂತ ಕಡಿಮೆ ಪಡೆಯುವ ಗಂಟೆ ಕೂಲಿಯವರಿಗೆ 40 ಗಂಟೆಯ ಮೇಲೆ ಒಂದೂವರೆ ಪಟ್ಟು ಕೊಡಲೇಬೇಕು. ಆದರೆ ತಿಂಗಳ ಸಂಬಳದವರಿಗೆ ಮಿತಿ ಬೇರೆ. 2025ರಲ್ಲಿ ದೊಡ್ಡ ಕಂಪನಿಗಳಿಗೆ ಅದು ವರ್ಷಕ್ಕೆ 77,968.80 ಡಾಲರ್.

ಈಗ ತಮಾಷೆ ನೋಡಿ. ವರ್ಷಕ್ಕೆ 1,50,000 ಡಾಲರ್ ಸಂಬಳ, ವಾರಕ್ಕೆ 60 ಗಂಟೆ ದುಡಿಮೆ. 52 ವಾರಕ್ಕೆ 3,120 ಗಂಟೆ. ಗಂಟೆಗೆ 48 ಡಾಲರ್. ಇಷ್ಟೇ ದರವನ್ನು ಗಂಟೆ ಲೆಕ್ಕದಲ್ಲಿ ಪಡೆಯುವವನಿಗೆ ಕಾನೂನು ವಾರಕ್ಕೆ 20 ಗಂಟೆ ಓವರ್‌ಟೈಮ್ ಕೊಡಿಸುತ್ತದೆ. ಸಂಬಳ ಪಡೆಯುವ ಸಾಹೇಬರಿಗೆ ಏನೂ ಇಲ್ಲ!

ನಮ್ಮಪ್ಪ ಹಾಸನದಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ರಾತ್ರಿ ಕಾಲ್ ಇದೆ, ಆಮೇಲೆ ಮಾತಾಡ್ತೀನಿ ಎಂದಾಗಲೆಲ್ಲ ಅವರು ಕೇಳುವುದು ಒಂದೇ ಮಾತು: "ಓಟಿ ಎಷ್ಟು ಕೊಡ್ತಾರಪ್ಪಾ?" ಓಟಿ ಇಲ್ಲ ಅಪ್ಪಾಜಿ ಎಂದರೆ ಅವರಿಗೆ ನಂಬಿಕೆಯೇ ಬರುವುದಿಲ್ಲ. ಹತ್ತನೇ ಕ್ಲಾಸು ಓದಿದ ಅವರು ಹೆಚ್ಚು ದುಡಿದ ಗಂಟೆಗೆ ಲೆಕ್ಕ ಕೇಳುತ್ತಿದ್ದರು. ಬಿ.ಇ. ಓದಿದ ಮಗ ಕೇಳುವುದಿಲ್ಲ.

ಅದೇ ಊರು, ಅದೇ ಡಿಗ್ರಿ

"ನಾವು ಪ್ರೊಫೆಶನಲ್‌ಗಳು, ಗಂಟೆ ಎಣಿಸುವುದು ಕೂಲಿಯವರ ಕೆಲಸ" ಎನ್ನುವ ಗೆಳೆಯರಿದ್ದಾರೆ. ಅವರಿಗೆ ಬೋಯಿಂಗ್ ಇಂಜಿನಿಯರುಗಳ ಕತೆ ಹೇಳಬೇಕು. 2000ದ ಫೆಬ್ರವರಿ 9ರಂದು ಸ್ಪೀಯಾ ಎಂಬ ತಮ್ಮ ಸಂಘದ ಕರೆಗೆ ಓಗೊಟ್ಟು ಸುಮಾರು 17,000 ಇಂಜಿನಿಯರುಗಳು ಮತ್ತು ತಂತ್ರಜ್ಞರು ಕೆಲಸ ನಿಲ್ಲಿಸಿ ಹೊರಬಂದರು. ಚಳಿ ಮಳೆಯಲ್ಲಿ 40 ದಿನ ನಿಂತರು. ವಿಮಾನ ವಿನ್ಯಾಸ ಮಾಡುವ, ಡಿಗ್ರಿ ಇರುವ, ಟೈ ಕಟ್ಟುವ ಮಂದಿ. ಅವರ ಒಪ್ಪಂದದಲ್ಲಿ ಓವರ್‌ಟೈಮ್‌ಗೆ ಎಷ್ಟು ಎಂಬುದು ಬರಹದಲ್ಲಿದೆ. ಎವರೆಟ್‌ನಲ್ಲಿ ರೆಕ್ಕೆಯ ಲೆಕ್ಕ ಹಾಕುವ ಇಂಜಿನಿಯರ್ ಗಂಟೆ ಎಣಿಸಿದರೆ ಅವಮಾನವಲ್ಲ, ಮೂವತ್ತು ಮೈಲಿ ಈಚೆ ಕೋಡ್ ಬರೆಯುವವನು ಎಣಿಸಿದರೆ ಅವಮಾನವೇ?

ಸಾಫ್ಟ್‌ವೇರಿನಲ್ಲೂ ಕೇಳಿದವರಿದ್ದಾರೆ. 2004ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಆಟದ ಕಂಪನಿಯ ಇಂಜಿನಿಯರೊಬ್ಬರ ಸಂಗಾತಿ ಹೆಸರು ಹಾಕದೆ ಒಂದು ಬಹಿರಂಗ ಪತ್ರ ಬರೆದರು. ವಾರಕ್ಕೆ 85 ಗಂಟೆ ದುಡಿಸುತ್ತಿದ್ದಾರೆ ಎಂಬುದು ಅದರ ಸಾರ. ಬರೆದವರು ಎರಿನ್ ಹಾಫ್‌ಮನ್ ಎಂದು ಆಮೇಲೆ ತಿಳಿಯಿತು. ಕಂಪನಿ ಓವರ್‌ಟೈಮ್ ದಾವೆಗಳಲ್ಲಿ 2005ರಲ್ಲಿ ಕಲಾವಿದರಿಗೆ 15.6 ದಶಲಕ್ಷ, 2006ರಲ್ಲಿ ಪ್ರೋಗ್ರಾಮರುಗಳಿಗೆ 14.9 ದಶಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಗಮನಿಸಿ, ಆ ಪತ್ರ ಬರೆದದ್ದು ದುಡಿಯುತ್ತಿದ್ದವರಲ್ಲ, ಮನೆಯಲ್ಲಿ ಕಾಯುತ್ತಿದ್ದವರು. ನಮ್ಮ ಮನೆಗಳಲ್ಲೂ ಒಮ್ಮೆ ಕೇಳಿ ನೋಡಿ.

ಇನ್ನು ಹೆಚ್ಚು ಹೊತ್ತು ದುಡಿದರೆ ಹೆಚ್ಚು ಕೆಲಸವಾಗುತ್ತದೆಯೇ ಎಂಬ ಪ್ರಶ್ನೆ. ಸ್ಟ್ಯಾನ್‌ಫರ್ಡ್‌ನ ಜಾನ್ ಪೆಂಕಾವೆಲ್ ಎಂಬ ಅರ್ಥಶಾಸ್ತ್ರಜ್ಞರು ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಅಂಕಿಅಂಶ ಹಿಡಿದು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ. ಮೈ ಮುರಿಯುವ ಕೆಲಸದಲ್ಲೇ ಹೀಗೆ. ತಲೆ ಓಡಿಸುವ ಕೆಲಸದಲ್ಲಿ? ರಾತ್ರಿ ಒಂದಕ್ಕೆ ಬರೆದ ಕೋಡನ್ನು ಬೆಳಿಗ್ಗೆ ಹತ್ತಕ್ಕೆ ತಿದ್ದಿದವರಿಗೆ ಉತ್ತರ ಗೊತ್ತು. ಮೈಯ ಲೆಕ್ಕವೂ ಇದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದಯಾಘಾತದಂಥ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದವು.

ವೀಸಾ ಎಂಬ ಹಗ್ಗ

ಇಷ್ಟೆಲ್ಲ ಓದಿ ನೀವು ಹೇಳುವ ಮಾತು ನನಗೆ ಗೊತ್ತು. "ನಿನ್ನ ಲೆಕ್ಕ ಸರಿ ಮಾರಾಯ, ಆದರೆ ನಾನು ಎಚ್-1ಬಿ ಮೇಲಿದ್ದೇನೆ." ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಕೆಲಸ ಹೋದರೆ 60 ದಿನದೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ದಶಕಕ್ಕೂ ಉದ್ದ. ಮಗು ಶಾಲೆಗೆ ಹೋಗುತ್ತಿದೆ, ಮನೆ ಸಾಲ ಇದೆ. ಇಂಥವನು ಮ್ಯಾನೇಜರಿಗೆ "ರಾತ್ರಿ ಕಾಲ್ ಬೇಡ" ಎಂದು ಹೇಗೆ ಹೇಳಿಯಾನು? ಇಲ್ಲಿ ಹೆಚ್ಚು ಹೊತ್ತು ದುಡಿಸುವುದು ದುಡ್ಡಿನ ಆಸೆಯಲ್ಲ, ಹೆದರಿಕೆ.

ಆದರೆ ಆ ಹೆದರಿಕೆಗೆ ಹೆಚ್ಚು ಗಂಟೆ ಮದ್ದೇ? 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000 ಮಂದಿಯನ್ನು, ಅಮೆಜಾನ್ 18,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದವು. 2025ರ ಅಕ್ಟೋಬರ್‌ನಲ್ಲಿ ಅಮೆಜಾನ್ ಮತ್ತೆ 14,000 ಎಂದಿತು. ಒಂದೊಂದು ವಿಭಾಗವೇ ಮುಚ್ಚಿದಾಗ ಅದರಲ್ಲಿ 45 ಗಂಟೆ ದುಡಿದವನೂ ಹೋಗುತ್ತಾನೆ, 70 ಗಂಟೆ ದುಡಿದವನೂ ಹೋಗುತ್ತಾನೆ. ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಹಾಗೆ ಕೆಲಸ ಕಳೆದುಕೊಂಡವರಲ್ಲಿ ಸೋಮಾರಿಗಳು ಒಬ್ಬರೂ ಇರಲಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಎಚ್-1ಬಿಗೆ ಮೊದಲು ಕಂಪನಿ ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಅರ್ಜಿ ಹಾಕುತ್ತದಲ್ಲ, ಅದರಲ್ಲಿ ಸಂಬಳದ ಬಗ್ಗೆ ಮಾತ್ರವಲ್ಲ, ಕೆಲಸದ ಸ್ಥಿತಿಗತಿಗಳ ಬಗ್ಗೆಯೂ ಮಾತು ಕೊಟ್ಟಿರುತ್ತದೆ. ಗಂಟೆ, ಪಾಳಿ, ರಜೆ ಎಲ್ಲ ಅದರೊಳಗೆ ಬರುತ್ತವೆ. ಆ ಅರ್ಜಿಯ ಪ್ರತಿಯನ್ನು ನೌಕರನಿಗೆ ಕೊಡಬೇಕೆಂಬ ನಿಯಮವೂ ಇದೆ. ನಿಮ್ಮದನ್ನು ಓದಿದ್ದೀರಾ? ವೀಸಾದವನಿಗೊಂದು, ಉಳಿದವರಿಗೊಂದು ಗಂಟೆ ಎಂದು ಮಾಡುವ ಹಕ್ಕು ಯಾವ ಕಂಪನಿಗೂ ಇಲ್ಲ.

ನಮ್ಮ ರಾತ್ರಿ, ಬೆಂಗಳೂರಿನ ರಾತ್ರಿ

ಸಿಯಾಟಲ್‌ಗೂ ಬೆಂಗಳೂರಿಗೂ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಜಗತ್ತಿನಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಸಿಗುವುದು ಕಷ್ಟ. ಇಲ್ಲಿ ಬೇಸಗೆಯ ರಾತ್ರಿ 9 ಎಂದರೆ ಅಲ್ಲಿ ಮರುದಿನ ಬೆಳಿಗ್ಗೆ 9.30. ಇಲ್ಲಿ ಬೆಳಿಗ್ಗೆ 7 ಎಂದರೆ ಅಲ್ಲಿ ಸಂಜೆ 7.30. ಎರಡೂ ಕಡೆ ಆಫೀಸಿನ ಹೊತ್ತಾಗಿರುವ ಗಳಿಗೆ ಇಲ್ಲವೇ ಇಲ್ಲ. ಯಾರೋ ಒಬ್ಬರು ತಮ್ಮ ಮನೆಯ ಹೊತ್ತನ್ನು ಬಿಟ್ಟುಕೊಡಲೇಬೇಕು. ಎಷ್ಟೋ ಸಲ ಕಾಲ್‌ನ ಈ ತುದಿಯಲ್ಲಿ ಸಮಾಮಿಶ್‌ನ ಕನ್ನಡಿಗ, ಆ ತುದಿಯಲ್ಲಿ ಮಾರತ್ತಹಳ್ಳಿಯ ಕನ್ನಡಿಗ. ಇಬ್ಬರೂ ಇಂಗ್ಲಿಷಿನಲ್ಲಿ "ಪರವಾಗಿಲ್ಲ, ನನಗೆ ಆಗುತ್ತೆ" ಎನ್ನುತ್ತಾರೆ. ಇಬ್ಬರ ಮನೆಯಲ್ಲೂ ಊಟ ಆರುತ್ತಿರುತ್ತದೆ.

ಅಲ್ಲಿನ ಕಾನೂನು ಇಲ್ಲಿಗಿಂತ ಮೇಲು ಎಂದರೆ ಆಶ್ಚರ್ಯವಾಗಬಹುದು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತದೆ. ಅದನ್ನು ಮೀರಿದರೆ ಎರಡು ಪಟ್ಟು ಕೂಲಿ ಎಂದೂ ಬರೆದಿದೆ. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 12 ಗಂಟೆಗಿಂತಲೂ ಹೆಚ್ಚು ದುಡಿಸಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾಪ ಸರ್ಕಾರದ ಮುಂದೆ ಬಂತು. 2025ರ ಜೂನ್‌ನಲ್ಲಿ ಮತ್ತೆ ದಿನಕ್ಕೆ 10 ಗಂಟೆ, ಓವರ್‌ಟೈಮ್ ಸೇರಿ 12, ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144 ಗಂಟೆಗೆ ಎಂಬ ಇನ್ನೊಂದು ಪ್ರಸ್ತಾಪ. ಎರಡು ಸಲವೂ ಕೆಐಟಿಯು ಎಂಬ ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಅಲ್ಲಿ ಆ ಮಿತಿ ಏರಿದರೆ ಇಲ್ಲಿ ನಮ್ಮ ರಾತ್ರಿಯೂ ಉದ್ದವಾಗುತ್ತದೆ. ಒಂದೇ ಹಗ್ಗದ ಎರಡು ತುದಿ ನಾವು.

ಕಾಯಕದ ಹೆಸರಿನಲ್ಲಿ

ಹೆಚ್ಚು ದುಡಿಸಬೇಕಾದಾಗ ಶರಣರ ಕಾಯಕದ ಮಾತನ್ನು ಎಳೆದು ತರುವವರು ನಮ್ಮಲ್ಲಿದ್ದಾರೆ. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕತೆ ನೆನಪಿಸಬೇಕು. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ಹೋಗಿ ಅಲ್ಲೇ ಸುರಿದು ಬಾ ಎಂದಳು. ಕಾಯಕಕ್ಕೆ 'ಸಾಕು' ಎಂಬ ಗಡಿ ಇದೆ ಎಂದು ಹನ್ನೆರಡನೇ ಶತಮಾನದಲ್ಲೇ ನಮ್ಮ ಹೆಣ್ಣುಮಗಳೊಬ್ಬಳು ತಿಳಿದಿದ್ದಳು. ಮಿತಿಯಿಲ್ಲದ ದುಡಿಮೆಗೆ ಶರಣರ ಮುದ್ರೆ ಹಾಕುವುದು ಅವರಿಗೆ ಮಾಡುವ ಅನ್ಯಾಯ.

ಇನ್ನು ನಮ್ಮ ಮಕ್ಕಳ ಕನ್ನಡದ ಮಾತು. ಕನ್ನಡ ಶಾಲೆಗೆ ಭಾನುವಾರ ಬಿಟ್ಟು ಬಂದರೆ ಸಾಲದು ಎಂದು ನಮಗೆಲ್ಲ ಗೊತ್ತು. ನುಡಿ ಬರುವುದು ಊಟದ ಹೊತ್ತಿನ ಹರಟೆಯಲ್ಲಿ, ಮಲಗುವ ಮುನ್ನದ ಕತೆಯಲ್ಲಿ. ಸರಿಯಾಗಿ ಅದೇ ಹೊತ್ತಿಗೆ, ರಾತ್ರಿ ಎಂಟರಿಂದ ಹತ್ತರವರೆಗೆ, ನಮ್ಮ ಕಾಲ್. ಸಂಘಕ್ಕೆ ಸಾವಿರ ಡಾಲರ್ ಕೊಡುವವರು ನಮ್ಮಲ್ಲಿ ಸಿಗುತ್ತಾರೆ. ಮಂಗಳವಾರ ಸಂಜೆ ಎರಡು ಗಂಟೆ ಕೊಡುವವರು ಸಿಗುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಒಂದು, ಮೂರು ತಿಂಗಳು ನಿಮ್ಮ ಗಂಟೆಗಳನ್ನು ಬರೆದಿಡಿ. ಕಾಲ್, ರಾತ್ರಿಯ ಇಮೇಲ್, ಭಾನುವಾರದ 'ಐದೇ ನಿಮಿಷ' ಎಲ್ಲ ಸೇರಲಿ. ಅಂದಾಜಿಗೂ ಬರಹಕ್ಕೂ ಎಷ್ಟು ಅಂತರವಿದೆ ಎಂದು ನೀವೇ ನೋಡುವಿರಿ.

ಎರಡು, ಹೊಸ ಕೆಲಸ, ಬಡ್ತಿ ಯಾವುದೇ ಬಂದರೂ ಹೆಚ್ಚಿನ ಸಂಬಳವನ್ನು ಹೆಚ್ಚಿನ ಗಂಟೆಯಿಂದ ಭಾಗಿಸಿ. ಬಂದ ಅಂಕಿ ಈಗಿನ ಗಂಟೆಯ ದರಕ್ಕಿಂತ ಕಡಿಮೆ ಇದ್ದರೆ ಅದನ್ನು ಬಡ್ತಿ ಎನ್ನುವ ಮುಂಚೆ ಯೋಚಿಸಿ. ಮಾತುಕತೆಗೆ ಕೂತಾಗ ಸಂಬಳದ ಜೊತೆ ಗಂಟೆಯನ್ನೂ, ರಾತ್ರಿ ಪಾಳಿಯನ್ನೂ ಮೇಜಿನ ಮೇಲಿಡಿ.

ಮೂರು, ಬೆಂಗಳೂರಿನ ಕಾಲ್‌ಗಳನ್ನು ವಾರಕ್ಕೊಮ್ಮೆ ತಿರುಗಿಸಿ. ಒಂದು ವಾರ ನಮ್ಮ ರಾತ್ರಿ, ಮರುವಾರ ಅವರ ರಾತ್ರಿ. ನನ್ನ ಟೀಮಿನಲ್ಲಿ ಹೀಗೆ ಮಾಡಿದ ಮೇಲೆ ಇನ್ನೊಂದು ಸೋಜಿಗ ನಡೆಯಿತು. ತಮ್ಮ ರಾತ್ರಿ ಹೋಗುತ್ತದೆ ಎಂದು ಎರಡೂ ಕಡೆಯವರಿಗೆ ಗೊತ್ತಾದಾಗ ಅರ್ಧದಷ್ಟು ಕಾಲ್‌ಗಳು ಬೇಕೇ ಇಲ್ಲ ಎಂದು ತಿಳಿಯಿತು. ಬರೆದು ಕಳಿಸಿದರೆ ಸಾಕಾಯಿತು.

ನಾಲ್ಕು, ನಮ್ಮಲ್ಲಿ ಮ್ಯಾನೇಜರ್ ಆದವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಕೈಮುಗಿದು ಕೇಳುವುದಿಷ್ಟೇ: ನಿಮ್ಮ ಕೈಕೆಳಗಿನ ವೀಸಾದ ಹುಡುಗನ ಹೆದರಿಕೆಯನ್ನು ಅವನ ಶ್ರದ್ಧೆ ಎಂದು ತಿಳಿಯಬೇಡಿ. "ನಮ್ಮ ಕಾಲದಲ್ಲಿ ನಾವೂ ಹೀಗೇ ಮಾಡಿದ್ವಿ" ಎನ್ನಬೇಡಿ. ಇಲ್ಲ ಎನ್ನಲು ಅವನಿಗೆ ಆಗದು, ನಿಮಗೆ ಆಗುತ್ತದೆ.

ಐದು, ಕರ್ನಾಟಕದಲ್ಲಿ ಇಂಥ ತಿದ್ದುಪಡಿ ಮತ್ತೆ ಬಂದಾಗ ನಾವು ಇಲ್ಲಿಂದ ಬರೆಯೋಣ. ಎರಡೂ ಕಡೆಯ ದುಡಿಮೆ ಕಂಡವರ ಮಾತಿಗೆ ತೂಕವಿದೆ.

ದುಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಕೈ ಕೆಸರಾಗದೆ ಬಾಯಿ ಮೊಸರಾಗದು ಎಂದು ಬೆಳೆದವರು ನಾವು. ಆದರೆ ಮೊಸರು ತಿನ್ನಲು ಮನೆಗೆ ಬರಬೇಕಲ್ಲ? ನಿಮ್ಮ ಗಂಟೆಯ ಬೆಲೆ ಎಷ್ಟು ಬಂತು, ನಿಮ್ಮ ಆಫೀಸಿನಲ್ಲಿ ರಾತ್ರಿ ಕಾಲ್‌ಗಳಿಗೆ ಏನು ದಾರಿ ಕಂಡುಕೊಂಡಿರಿ, ಬರೆದು ತಿಳಿಸಿ. ನನ್ನ ಲೆಕ್ಕ ತಪ್ಪು ಎನಿಸಿದರೆ ಅದನ್ನೂ ಬರೆಯಿರಿ. ಲೆಕ್ಕ ಶುರುವಾದರೆ ಸಾಕು.

ಸಿರಿಗನ್ನಡಂ ಗೆಲ್ಗೆ!

- ರೆಡ್ಮಂಡ್‌ನಿಂದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್